ಕಂಬಳಿ ಸಾಕಷ್ಟಿದೆ, ಬೀಗ ಬೇಕು: ತಂಗುದಾಣದ ನಿವಾಸಿಗಳ ಪರವಾಗಿ ಒಂದು ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ.

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹತ್ತಿರ, ಪಾಲಿಕೆಯ ಹಳೇ ಕಟ್ಟಡವೊಂದರಲ್ಲಿ ನಮ್ಮ ಟ್ರಸ್ಟ್ ಗಂಡಸರಿಗಾಗಿ ತಂಗುದಾಣ ನಡೆಸುತ್ತಿದೆ. ಮನೆಯಿಲ್ಲದ 60 ಜನ ಇಲ್ಲಿ ಮಲಗುತ್ತಾರೆ. ಮೂಟೆ ಹೊರುವವರು, ಛತ್ರಗಳಲ್ಲಿ ಬಡಿಸುವವರು, ಚಿಂದಿ ಆಯುವವರು, ಮಕ್ಕಳ ಜೊತೆ ಜಗಳವಾಗಿ ಊರು ಬಿಟ್ಟ ವಯಸ್ಸಾದವರು. ರಾಯಚೂರು, ಯಾದಗಿರಿ ಕಡೆಯವರು ಜಾಸ್ತಿ. ಕಟ್ಟಡ, ನೀರು, ಕರೆಂಟು ಪಾಲಿಕೆಯದು. ಉಳಿದದ್ದೆಲ್ಲ ನಿಮ್ಮಂಥವರು ಕೊಟ್ಟಿದ್ದರಲ್ಲೇ ನಡೆಯುತ್ತಿದೆ.

ಈ ಸಲ ಮಲಗುವ ಹಾಲನ್ನು ಪೂರ್ತಿ ಹೊಸದಾಗಿ ಮಾಡಿಸಬೇಕಿದೆ. ಅದರ ನಕ್ಷೆಯನ್ನು ಇಲ್ಲಿ ಮಲಗುವವರೇ ಕೂತು ತಿದ್ದಿದ್ದಾರೆ. ನಾವು ಹಣ ಕೇಳುತ್ತಿರುವುದು ಅವರು ತಿದ್ದಿದ ಆ ನಕ್ಷೆಗೆ.

ಕಾಗದದ ಮೇಲಿನ ನಕ್ಷೆ ಎಲ್ಲರಿಗೂ ಅರ್ಥವಾಗುವುದಿಲ್ಲ. ತಂಗುದಾಣದಲ್ಲಿ ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಇರಬೇಕು ಎಂದಿತ್ತು 2024ರವರೆಗೆ ನಡೆದ ಕೇಂದ್ರದ ನಗರ ಜೀವನೋಪಾಯ ಮಿಷನ್. 50 ಚದರ ಅಡಿ ಅಂದರೆ ಎಷ್ಟು ಅಂತ ಯಾರಿಗೆ ಗೊತ್ತು? ಹಾಗಾಗಿ ಆರ್ಕಿಟೆಕ್ಟ್ ನೆಲದ ಮೇಲೇ ಸೀಮೆಸುಣ್ಣದಲ್ಲಿ ಮಂಚಗಳ ಅಳತೆಗೆ ಗೆರೆ ಎಳೆದರು. ರಟ್ಟಿನ ಪೆಟ್ಟಿಗೆ ಜೋಡಿಸಿ ಅಡ್ಡಗೋಡೆ ಮಾಡಿದರು. ‘ಮಲಗಿ ನೋಡಿ’ ಅಂದರು. ರಾಯಚೂರಿನ ಹಿರಿಯರೊಬ್ಬರು ಮಲಗಿದರು, ಎದ್ದರು, ದಿಕ್ಕು ಬದಲಿಸಿ ಮತ್ತೆ ಮಲಗಿದರು. ‘ತಲಿ ಗ್ವಾಡಿ ಕಡಿ ಇರ್ಲಿ, ಬಾಗಿಲಾ ಕಾಣ್ಬೇಕ್ರೀ. ಯಾರ್ ಬಂದ್ರು ಅಂತ ಗೊತ್ತಾಗ್ಲಿಲ್ಲಂದ್ರ ನಿದ್ದಿ ಹತ್ತಂಗಿಲ್ಲ’ ಅಂದರು. ಚಪ್ಪಲಿ ಕಳುವಾಗದಿರಲಿ ಅಂತ ತಲೆದಿಂಬು ಮಾಡಿಕೊಂಡು ವರ್ಷಗಟ್ಟಲೆ ಫುಟ್‌ಪಾತ್‌ನಲ್ಲಿ ಮಲಗಿದವರ ಮಾತು ಅದು. ಸ್ವಲ್ಪ ಹೊತ್ತಿನಲ್ಲೇ ಗೆರೆಗಳೆಲ್ಲ ಅಳಿಸಿ, ಮಂಚದ ಸಾಲುಗಳೇ ತಿರುಗಿದವು.

ಎಲ್ಲರಿಗಿಂತ ಜೋರಾಗಿ ಕೇಳಿಬಂದ ಬೇಡಿಕೆ ಬೀಗದ್ದು. ಒಬ್ಬೊಬ್ಬರಿಗೆ ಒಂದು ಖಾನೆ, ಕೀಲಿ ಅವರ ಕೈಯಲ್ಲೇ. ಮನಸ್ಸಿನ ಆರೋಗ್ಯಕ್ಕೂ ಇದು ಬೇಕು ಎನ್ನುತ್ತೇವೆ ನಾವು. ಬೀಗಕ್ಕೂ ಮನಸ್ಸಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೆಯಿಲ್ಲದವರಿಗೆ ಬಿಪಿಎಲ್ ಕಾರ್ಡ್ ಇರಲಿ ಬಿಡಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಉಚಿತ. ನಿಮ್ಹಾನ್ಸ್ ಇಲ್ಲಿಂದ ಹತ್ತಿರವೇ ಇದೆ. ಡಾಕ್ಟರು ಒಂದು ತಿಂಗಳ ಮಾತ್ರೆ ಬರೆದುಕೊಡುತ್ತಾರೆ. ಆ ಮಾತ್ರೆ ಇಡುವುದು ಎಲ್ಲಿ? ಚೀಲ ಹೋದರೆ ಮಾತ್ರೆಯೂ ಹೋಯಿತು, ಆಸ್ಪತ್ರೆ ಚೀಟಿಯೂ ಹೋಯಿತು, ಆಧಾರ್ ಕಾರ್ಡೂ ಹೋಯಿತು. ಮಾತ್ರೆ ನಿಂತ ಕೆಲವೇ ದಿನಗಳಲ್ಲಿ ನಿದ್ದೆ ಕೆಡುತ್ತದೆ, ಮಾತು ಕಡಿಮೆಯಾಗುತ್ತದೆ, ಆಮೇಲೆ ಮನುಷ್ಯನೇ ಕಾಣಿಸುವುದಿಲ್ಲ. ಬೀಗವೂ ಔಷಧಿಯ ಒಂದು ಭಾಗ ಅಂತ ನಮ್ಮ ಆರೋಗ್ಯ ಕಾರ್ಯಕರ್ತೆ ವಾದ ಮಾಡುವುದು ಇದಕ್ಕೇ.

ಬಡಿಸುವ ಕೆಲಸದವರ ಕಷ್ಟ ಬೇರೆ. ಮದುವೆ ಸೀಸನ್ನಿನಲ್ಲಿ ಅವರು ಬರುವುದೇ ರಾತ್ರಿ ಒಂದು, ಎರಡು ಗಂಟೆಗೆ. ಅವರಿಗೆ ಲೈಟು ಬೇಕು, ಬೆಳಿಗ್ಗೆ ನಾಲ್ಕಕ್ಕೆ ಮಾರುಕಟ್ಟೆಗೆ ಏಳಬೇಕಾದವರಿಗೆ ಕತ್ತಲೆ ಬೇಕು. ಇದೇ ವಿಷಯಕ್ಕೆ ಕೈಕೈ ಮಿಲಾಯಿಸಿದ್ದೂ ಉಂಟು. ಪರಿಹಾರವನ್ನು ಅವರೇ ಕೊಟ್ಟರು: ಒಂದೊಂದು ಮಂಚಕ್ಕೆ ಒಂದು ಪುಟ್ಟ ಲೈಟು, ಒಂದು ದಪ್ಪ ಪರದೆ, ಹಗಲು ಮಲಗುವವರಿಗೆ ಪ್ರತ್ಯೇಕ ಕೋಣೆ. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದು ತಂಗುದಾಣ ಇರಬೇಕು, ಅದು ಹಗಲೂ ರಾತ್ರಿ ತೆರೆದಿರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ತೆರೆದಿದ್ದರಷ್ಟೇ ಸಾಲದು, ಹಗಲು ನಿದ್ದೆಯೂ ಬರಬೇಕಲ್ವಾ?

ಲೈಟಿನ ಪಕ್ಕದಲ್ಲೇ ಚಾರ್ಜಿಂಗ್ ಪ್ಲಗ್ ಕೂಡ ಕೇಳಿದ್ದಾರೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ದಿನವಿಡೀ ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು. ಫೋನು ಸತ್ತಿದ್ದರೆ ಯಾವ ನಂಬರ್ ಇದ್ದೂ ಏನು ಪ್ರಯೋಜನ.

ನಕ್ಷೆಯಲ್ಲಿ ಆಪ್ತಸಮಾಲೋಚನೆಗೆ ಅಂತ ಒಂದು ಕೋಣೆ ಇತ್ತು. ಅದನ್ನು ನಿವಾಸಿಗಳು ತೆಗೆಸಿದರು. ‘ಆ ಬಾಗಿಲಿನೊಳಗೆ ಹೋದವನನ್ನು ಎಲ್ಲರೂ ಹುಚ್ಚ ಅಂತಾರೆ’ ಅನ್ನುವುದು ಅವರ ಮಾತು. ಬದಲಿಗೆ ಕಟಿಂಗ್ ಮಾಡಿಸಿಕೊಳ್ಳಲು ಒಂದು ಕುರ್ಚಿ, ಒಂದು ದೊಡ್ಡ ಕನ್ನಡಿ ಕೇಳಿದ್ದಾರೆ. ಆರೋಗ್ಯ ಕಾರ್ಯಕರ್ತೆ ಈಗಲೂ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಲೇ ಮಾತಾಡಿಸುತ್ತಾರೆ. ಅಲ್ಲಿ ಕಣ್ಣಲ್ಲಿ ನೀರು ಬಂದರೆ ಯಾರೂ ಏನೂ ಕೇಳುವುದಿಲ್ಲ.

ಇರುವವರನ್ನೇ ಕೇಳಿ ಮಾಡುವುದು ನಮ್ಮದೇ ಹೊಸ ಹುಚ್ಚಾಟವೇನಲ್ಲ. ಚೆನ್ನೈನಲ್ಲಿ 1993ರಲ್ಲಿ ಶುರುವಾದ ‘ದಿ ಬ್ಯಾನ್ಯನ್’ ಸಂಸ್ಥೆ, ಮಾನಸಿಕ ಕಾಯಿಲೆಯಿಂದ ಬೀದಿಪಾಲಾದ ಹೆಂಗಸರಿಗೆ ಆಶ್ರಯ ಕೊಟ್ಟಿತು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಬಿಟ್ಟವರಿಗಾಗಿ 2015ರಲ್ಲಿ ‘ಹೋಮ್ ಅಗೇನ್’ ಶುರು ಮಾಡಿತು. ಸಾಮಾನ್ಯ ಬೀದಿಯ ಸಾಮಾನ್ಯ ಮನೆ, ಅದರಲ್ಲಿ ನಾಲ್ಕೈದು ಜನ. ಯಾರ ಜೊತೆ ಇರಬೇಕು, ಇವತ್ತು ಏನು ಅಡುಗೆ ಎಂಬುದೆಲ್ಲ ಅವರದೇ ತೀರ್ಮಾನ. ನಮ್ಮದು ಅಷ್ಟು ದೊಡ್ಡ ಕೆಲಸವಲ್ಲ, 60 ಮಂಚದ ಒಂದು ಹಾಲು.

ಈಗ ಲೆಕ್ಕಕ್ಕೆ ಬರೋಣ. ಬೀಗವಿರುವ ಒಂದು ಖಾನೆಗೆ 2,000 ರೂಪಾಯಿ. ಒಂದು ಮಂಚದ ಲೈಟು, ಪ್ಲಗ್, ಪರದೆ ಸೇರಿ 2,000. ಆರೋಗ್ಯ ಕಾರ್ಯಕರ್ತೆಯ ಒಂದು ತಿಂಗಳ ಸಂಬಳ 18,000. ಇನ್ನೊಂದು ಖರ್ಚು ಇದೆ, ಅದನ್ನು ಮುಚ್ಚಿಡುವುದಿಲ್ಲ: ಸಭೆಗೆ ಕೂರುವ ನಿವಾಸಿಗೆ ಅರ್ಧ ದಿನಕ್ಕೆ 400 ರೂಪಾಯಿ. ‘ಅವರದೇ ಅನುಕೂಲಕ್ಕೆ ಮಾತಾಡೋಕೆ ದುಡ್ಡು ಯಾಕೆ?’ ಅಂತ ದಾನಿಗಳೊಬ್ಬರು ಕೇಳಿದ್ದರು. ಅವತ್ತಿನ ಮೂಟೆ ಕೆಲಸ ಬಿಟ್ಟು ಬರುತ್ತಾರೆ ಸ್ವಾಮಿ. ನಕ್ಷೆ ಬರೆದವರಿಗೆ ಫೀಸು ಕೊಡುತ್ತೇವೆ, ತಿದ್ದಿದವರಿಗೆ ಸುಮ್ನೆ ಥ್ಯಾಂಕ್ಸ್ ಹೇಳಿ ಕಳಿಸುವುದು ನಮಗೆ ಸರಿ ಕಾಣಲಿಲ್ಲ.

ದಯವಿಟ್ಟು ಕಂಬಳಿ ಕಳಿಸಬೇಡಿ. ಡಿಸೆಂಬರ್ ಬಂತೆಂದರೆ ರಾಶಿ ಬೀಳುತ್ತದೆ, ಇಡಲು ಜಾಗವಿಲ್ಲ. ಹುಟ್ಟುಹಬ್ಬಕ್ಕೆ ಊಟ ಹಾಕಿಸುವವರು ಮೊದಲೇ ತಿಳಿಸಿ. ಒಂದೇ ದಿನ ಮೂರು ಕಡೆಯಿಂದ ಬಿಸಿಬೇಳೆ ಬಾತ್ ಬಂದು, ಮಾರನೇ ದಿನ ಏನೂ ಇಲ್ಲದಂತಾಗುವುದು ಬೇಡ.

ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಇದೆ. ಆದರೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ರಿಯಾಯಿತಿ ಸಿಗದು, ಚೆಕ್ ಅಥವಾ ಯುಪಿಐ ಮೂಲಕ ಕೊಡಿ, ಪ್ಯಾನ್ ನಂಬರ್ ಬರೆಯಿರಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಡಬಹುದು. ವಿದೇಶಿ ದೇಣಿಗೆ ನೋಂದಣಿ ನಮಗಿಲ್ಲ, ಹಾಗಾಗಿ ಬೇರೆ ದೇಶದ ಪೌರತ್ವ ಪಡೆದವರಿಂದ ಸದ್ಯಕ್ಕೆ ತೆಗೆದುಕೊಳ್ಳಲಾಗುವುದಿಲ್ಲ.

ಕೊಡುವ ಮುಂಚೆ ನೋಡಬೇಕು ಅನ್ನಿಸಿದರೆ ಭಾನುವಾರ ಬೆಳಿಗ್ಗೆ ಬನ್ನಿ, ಸಭೆ ಅವತ್ತೇ ಇರುತ್ತದೆ. ಖರ್ಚಿನ ಪುಸ್ತಕ ಬಾಗಿಲ ಪಕ್ಕದ ಮೇಜಿನ ಮೇಲಿದೆ, ಯಾರು ಬೇಕಾದರೂ ತೆರೆದು ನೋಡಬಹುದು. ಮಲಗಿರುವವರ ಫೋಟೊ ಮಾತ್ರ ತೆಗೆಯುವಂತಿಲ್ಲ. ಅದು ನಿವಾಸಿಗಳ ಸಮಿತಿಯ ನಿಯಮ.

ಇಂತಿ,
ನಿವಾಸಿಗಳ ಸಮಿತಿ ಮತ್ತು ಟ್ರಸ್ಟಿಗಳು