ಸ್ಕುಲ್ಡ್ ಕೈಗೆ ಕತ್ತರಿ ಕೊಟ್ಟವರು ಯಾರು?

ಪ್ರೀತಿಯ ತಮ್ಮಾ,

ನಿನ್ನ ಕಾದಂಬರಿಯ ಹಸ್ತಪ್ರತಿ ನನ್ನ ಕೈಗೆ ಬಂದು ಒಂದೂವರೆ ತಿಂಗಳಾಯ್ತು. ನಾನು ಸುಮ್ನೆ ಇದ್ದೆ ಅಂತ ನಿನ್ನೆ ಇನ್ನೊಂದು ಮೇಲ್ ಹಾಕಿದ್ದೀಯ: "ಮೂರು ಪ್ರಕಾಶಕರಿಂದ ವಾಪಸ್ ಬಂತು ಅಕ್ಕಾ, ನನ್ನ ಹಣೆಬರಹವೇ ಇಷ್ಟು, ಇನ್ನು ಬರೆಯಲ್ಲ." ಉತ್ತರ ಯುರೋಪಿನ ಪುರಾಣದ ಸ್ಕುಲ್ಡ್‌ನಂಥ ವಿಧಿದೇವತೆಯರ ಮೇಲೆ ಇನ್ನೂರು ಪುಟ ಬರೆದವನು ಹಣೆಬರಹವನ್ನು ಇಷ್ಟು ಸಲೀಸಾಗಿ ಬೈಯಬಾರದು ಕಣೋ. ನಿನ್ನ ಕಥೆಗೆ ಮೂಲವಾದ ಆ ಹಳೆಯ 'ಎಡ್ಡಾ' ಪುರಾಣಕಾವ್ಯಗಳ ಚರ್ಮದ ಹಸ್ತಪ್ರತಿ ಇದೆಯಲ್ಲ, ಅದನ್ನು ಐಸ್‌ಲ್ಯಾಂಡಿನಲ್ಲಿ 1270ರ ಸುಮಾರಿಗೆ ಬರೆದರು. ಒಬ್ಬ ಬಿಷಪ್ ಕೈಗೆ ಅದು ಸಿಕ್ಕಿದ್ದು 1643ರಲ್ಲಿ. ನಡುವೆ ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ. ನಿನ್ನದು ಮೂರು ಸಲ ವಾಪಸ್ ಬಂದಿದೆ, ಅಷ್ಟೇ.

ಪ್ರಕಾಶಕರು ಯಾರು, ಮುನ್ನುಡಿ ಯಾರ ಕೈಲಿ ಬರೆಸಬೇಕು, ಇದನ್ನೆಲ್ಲ ಬೇರೆಯವರನ್ನು ಕೇಳು.

ನನಗೆ ಸಿಟ್ಟು ಬಂದದ್ದು ಎಂಟನೇ ಪುಟದಲ್ಲಿ. ಸ್ಕುಲ್ಡ್ ಕತ್ತರಿ ಹಿಡಿದು ಒಬ್ಬನ ಆಯುಷ್ಯದ ದಾರ ಕತ್ತರಿಸುತ್ತಾಳೆ. ಎಲ್ಲಿಂದ ತಂದೆ ಆ ಕತ್ತರಿ? ಅದು ಗ್ರೀಕರ ವಿಧಿದೇವತೆ ಅಟ್ರೊಪೊಸ್‌ ಕೈಲಿರೋದು. ಉತ್ತರದ ಈ ಮೂವರು ವಿಧಿದೇವತೆಯರು, ಅಂದ್ರೆ ಉರ್ದ್, ವೆರ್ದಂಡಿ, ಸ್ಕುಲ್ಡ್, 'ವೊಲುಸ್ಪಾ' ಎಂಬ ಕಾವ್ಯದಲ್ಲಿ ಮರದ ಚಕ್ಕೆಯ ಮೇಲೆ ಕೆತ್ತುತ್ತಾರೆ. ನಮ್ಮಲ್ಲಿ ಬ್ರಹ್ಮ ಹಣೆಯ ಮೇಲೆ ಬರೆದ ಹಾಗೆ, ಅಲ್ವಾ? ಕನ್ನಡದವನಾಗಿ ನಿನಗೆ ಇದು ಹೊಳೆಯದೇ ಹೋಯ್ತಲ್ಲ ಅಂತ ನನ್ನ ಸಂಕಟ. ದಾರವೇ ಇಲ್ಲ ಅಂತಲ್ಲ. ಹೆಲ್ಗಿ ಎಂಬ ವೀರ ಹುಟ್ಟಿದ ರಾತ್ರಿ ಅವರು ಬಂದು ಚಿನ್ನದ ಎಳೆ ಹೊಸೆದು ಚಂದ್ರನ ನೆಲೆಯ ಕೆಳಗೆ ಬಿಗಿದು ಕಟ್ಟುತ್ತಾರೆ. ಕಟ್ಟುತ್ತಾರೆ, ಕತ್ತರಿಸಲ್ಲ.

ನಾನಿಷ್ಟು ರೇಗೋದಕ್ಕೆ ಕಾರಣ ಇದೆ. ನನ್ನ ಮೊದಲ ಸಂಕಲನದಲ್ಲೂ ಇದೇ ಕತ್ತರಿ ಇತ್ತು. ಆ ಕವಿತೆಗೆ ಬಹುಮಾನ ಬಂತು, ಶಾಲು ಹಾಕಿದರು, ನಾನು ಉಬ್ಬಿಹೋದೆ. ಆಮೇಲೆ ನಿವೃತ್ತ ಮೇಷ್ಟ್ರೊಬ್ಬರು ಕಾರ್ಡು ಬರೆದರು. ಸಣ್ಣ ಅಕ್ಷರ, ನಾಲ್ಕೇ ಸಾಲು: ತಾಯಿ, ನೀವು ಮೂಲ ಓದಿದಂತಿಲ್ಲ, ಯಾರೋ ಹೇಳಿದ್ದನ್ನು ಬರೆದಿದ್ದೀರಿ. ಹರಿದು ಬಿಸಾಕಿದೆ. ವರ್ಷಗಳಾದ ಮೇಲೆ ಉತ್ತರ ಬರೆಯೋಣ ಅಂದ್ಕೊಂಡಾಗ ಅವರೇ ಇರಲಿಲ್ಲ. ಈಗಿನ ಐಸ್‌ಲ್ಯಾಂಡಿಕ್ ಭಾಷೆಯಲ್ಲೂ 'ಸ್ಕುಲ್ಡ್' ಅಂದರೆ ಸಾಲ. ನೀನು ಅವಳ ಹೆಸರಿಗೆ 'ಭವಿಷ್ಯ' ಅಂತ ಅರ್ಥ ಕೊಟ್ಟು ಮುಗಿಸಿದ್ದೀಯ. ಭವಿಷ್ಯ ಅನ್ನೋದು ತೀರಾ ಹಗುರ. ತೀರಿಸಲೇಬೇಕಾದದ್ದು ಅನ್ನೋ ಭಾರ ಆ ಹೆಸರಲ್ಲಿದೆ, ನನಗದು ಚೆನ್ನಾಗಿ ಗೊತ್ತು.

ಹಾಗಂತ ಬರೆಯೋದು ಬಿಡ್ತೀನಿ ಅಂದ್ರೆ ಕಿವಿ ಹಿಂಡ್ತೀನಿ. ಅರವತ್ತೊಂದನೇ ಪುಟದಲ್ಲಿ ಬಾವಿಯಲ್ಲಿರುವ ಎರಡು ಹಂಸಗಳ ಸದ್ದಿಗೆ ಉರ್ದ್‌ಗೆ ನಿದ್ದೆ ಬರಲ್ಲ, ಎದ್ದು ಕೂತು ಅವುಗಳನ್ನು ಗದರಿಸುತ್ತಾಳೆ ನೋಡು, ಅಲ್ಲಿ ಪುಸ್ತಕ ಕೆಳಗಿಟ್ಟು ನಕ್ಕೆ. ಆ ಹಂಸಗಳು 1220ರ ಸುಮಾರಿಗೆ ಬರೆದ ಐಸ್‌ಲ್ಯಾಂಡಿನ ಕವಿ ಸ್ನೋರಿ ಸ್ಟುರ್ಲುಸನ್ ಪುಸ್ತಕದಲ್ಲಿವೆ. ಅಂದರೆ ನೀನು ಓದಿದ್ದೀಯ ಕಳ್ಳ, ಅರ್ಧಕ್ಕೆ ನಿಲ್ಲಿಸಿದ್ದೀಯ. ಇನ್ನೂ ಓದಿದ್ದರೆ ಸ್ಕುಲ್ಡ್ ಕುದುರೆ ಏರಿ ರಣರಂಗಕ್ಕೂ ಹೋಗ್ತಾಳೆ, ಸಾಯಬೇಕಾದವರನ್ನು ಆರಿಸ್ತಾಳೆ ಅನ್ನೋದು ಸಿಗುತ್ತಿತ್ತು. ಅದಕ್ಕಿಂತ ನನಗೆ ಇಷ್ಟವಾದದ್ದು ಈ ಮೂವರ ದಿನಗೆಲಸ. ಇಗ್‌ಡ್ರಾಸಿಲ್ ಎಂಬ ವಿಶ್ವವೃಕ್ಷವನ್ನು ಮೇಲೆ ಜಿಂಕೆಗಳು ಮೇಯುತ್ತವೆ, ಕೆಳಗೆ ಬೇರನ್ನು ನಿಡ್‌ಹೊಗ್ ಎಂಬ ಸರ್ಪ ಕಡಿಯುತ್ತದೆ, ಮಗ್ಗುಲು ಕೊಳೆಯುತ್ತಿದೆ. ಈ ಹೆಂಗಸರು ದಿನಾ ಬಾವಿಯಿಂದ ನೀರು ಸೇದಿ, ಸುತ್ತಲಿನ ಕೆಸರನ್ನೂ ಸೇರಿಸಿ, ಕೊಂಬೆ ಒಣಗದ ಹಾಗೆ ಮರಕ್ಕೆ ಎರಚುತ್ತಾರೆ. ಆ ನೀರಿಗೆ ಬಿದ್ದದ್ದೆಲ್ಲ ಮೊಟ್ಟೆ ಚಿಪ್ಪಿನ ಒಳಪೊರೆಯಷ್ಟು ಬೆಳ್ಳಗಾಗುತ್ತದಂತೆ.

ಜಗತ್ತಿನ ಆಯುಷ್ಯ ಬರೆಯುವವರು ಬೆಳಗಾದರೆ ಕೆಸರು ಹೊರಬೇಕು. ನಿನ್ನ ಇನ್ನೂರು ಪುಟದಲ್ಲಿ ಒಬ್ಬಳ ಕೈಯೂ ಕೆಸರಾಗಿಲ್ಲ. ಎಂಟನೇ ಪುಟ ಹರಿದು ಹಾಕಿ ಅಲ್ಲಿಂದ ಶುರು ಮಾಡು. ದಸರಾ ಹೊತ್ತಿಗೆ ಕಳಿಸು, ಈ ಸಲ ಬೇಗ ಓದ್ತೀನಿ.

ನಿನ್ನ ಅಕ್ಕ