ನಮ್ಮ ಶಾಲೆಯ ನೀರಾವರಿ ಮಂತ್ರಿಗೊಂದು ಪತ್ರ

ಪ್ರೀತಿಯ ಮಾರಾಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಆ ಕಡೆ ನಿನ್ನ ಬೆಂಗಳೂರಿನ ಟ್ರಾಫಿಕ್ಕು, ಈ ಕಡೆ ನಮ್ಮ ಮಳೆ. "ಮಗಳನ್ನು ಸಿಸ್ಟರ್‌ಗಳ ಶಾಲೆಗೆ ಸೇರಿಸುವ ಅಂತ ಇದ್ದೇವೆ, ಒಳ್ಳೆ ಶಿಸ್ತು ಅಂತೆ. ಆದರೆ ಹೆಂಡತಿಯ ಮನೆಯವರಿಗೆ ಸ್ವಲ್ಪ ಹೆದರಿಕೆ, ಅಲ್ಲಿ ಪ್ರಾರ್ಥನೆ ಗೀರ್ಥನೆ ಮಾಡಿಸ್ತಾರೋ ಏನೋ ಅಂತ. ನೀನೇನು ಹೇಳ್ತಿ?" ಅಂದೆ. ನಾನು "ನೋಡುವ" ಅಂತ ಹೇಳಿ ಫೋನ್ ಇಟ್ಟೆ. ಆಮೇಲೆ ನಗು ಬಂತು. ಏಳು ವರ್ಷ ಸಿಸ್ಟರ್‌ಗಳ ಹತ್ತಿರ ಕಲಿತವನು ನೀನು, ನನ್ನನ್ನು ಕೇಳುತ್ತೀಯಲ್ಲ!

ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಮ್ಮ ಬ್ಯಾಚಿನ ಉಳಿದವರೂ ಓದಲಿ, ತಪ್ಪಿದ್ದರೆ ತಿದ್ದಲಿ. ಶಾಲೆಯ ಹೆಸರು ಬರೆಯುವುದಿಲ್ಲ. ಇದರಲ್ಲಿ ಬರೀ ಹೊಗಳಿಕೆ ಇಲ್ಲ, ಅದಕ್ಕೆ.

ಮೊನ್ನೆ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ ಆಯಿತು, ನಮ್ಮ ಕಡೆಯ ಕ್ಯಾಥೊಲಿಕರ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ನಿನಗೆ ನೆನಪಿದೆಯಾ, ಅದಕ್ಕೆ ಮೊದಲಿನ ಒಂಬತ್ತು ದಿನ ನಮ್ಮ ಬ್ಯಾಗಿನಲ್ಲಿ ಪುಸ್ತಕಕ್ಕಿಂತ ಹೂವೇ ಜಾಸ್ತಿ. ಹೂ ಹಾಕಬೇಕಾದವರು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮಕ್ಕಳು, ಮರಿಯಮ್ಮನ ಮೂರ್ತಿಗೆ. ಆದರೆ ಅವರ ಮನೆಯ ಹೂ ಎಷ್ಟು ದಿನಕ್ಕೆ ಸಾಕು? ನಿಮ್ಮ ಬೇಲಿಯ ದಾಸವಾಳ, ನಮ್ಮ ಗುಡ್ಡದ ಕೇಪಳ, ಬ್ಯಾರಿ ಮುಸ್ಲಿಮರ ಮನೆಯ ಡೇಲಿಯಾ, ಎಲ್ಲ ಇಗರ್ಜಿಗೆ (ಚರ್ಚಿಗೆ) ಹೋಗುತ್ತಿತ್ತು. ಬದಲಿಗೆ ಹಬ್ಬದ ದಿನ ನಮಗೆ ಕಬ್ಬು. ಲೆಕ್ಕ ಸಮ.

ತೆನೆಯ ವಿಷಯ ನಿನಗೆ ಗೊತ್ತೇ ಇದೆ. ನಮ್ಮಲ್ಲಿ ಕುರಲ್ (ಹೊಸ ಭತ್ತದ ತೆನೆ) ತಂದು ಮಾವು, ಹಲಸಿನ ಎಲೆಯ ಜೊತೆ ಬಾಗಿಲಿಗೆ, ಕಂಬಕ್ಕೆ ಕಟ್ಟುತ್ತಾರೆ. ಪಕ್ಕದ ಬೆಂಚಿನವಳ ಮನೆಯಲ್ಲಿ ಅದೇ ತೆನೆಯ ಕಾಳು ಸುಲಿದು, ಅರೆದು, ಹಾಲಿಗೆ ಹಾಕಿ ಕುಡಿಯುತ್ತಾರೆ. ಆ ದಿನ ಅವರಿಗೂ ಬಾಳೆಎಲೆ ಊಟ, ಮೀನಿಲ್ಲ. ಮೀನಿಲ್ಲದ ಹಬ್ಬ ಕ್ರಿಸ್ತಿಯನ್ನರಿಗೂ ಉಂಟು ಅಂತ ಗೊತ್ತಾದಾಗ ನೀನು ಮನೆಗೆ ಓಡಿಹೋಗಿ ಅಜ್ಜಿಗೆ ಹೇಳಿದ್ದೆ. ಅಜ್ಜಿ, "ಗದ್ದೆ ಒಂದೇ ಅಲ್ವಾ ಮಗಾ" ಅಂದರಂತೆ. ಒಂದು ವರ್ಷ ಚೌತಿಯೂ ಮೊಂತಿಯೂ ಹಿಂದೆಮುಂದೆ ಬಂದು, ನಾವು ಎರಡೂ ಕಡೆ ಉಂಡು, ಸೋಮವಾರ ಪರೀಕ್ಷೆಗೆ ಹೊಟ್ಟೆ ಹಿಡಿದುಕೊಂಡು ಕೂತಿದ್ದೆವು.

ಇರಲಿ, ಪ್ರಾರ್ಥನೆಯ ಪ್ರಶ್ನೆಗೆ ಬರುತ್ತೇನೆ. ಮೊದಲು ಕಾನೂನು. ಸಂವಿಧಾನದ 30ನೇ ವಿಧಿ ಪ್ರಕಾರ ಅಲ್ಪಸಂಖ್ಯಾತರು ತಮ್ಮ ಶಾಲೆ ಕಟ್ಟಬಹುದು, ನಡೆಸಬಹುದು. ಹಾಗಂತ ಎಲ್ಲರಿಗೂ ಧರ್ಮಪಾಠ ಮಾಡಿಸಬಹುದು ಅಂತಲ್ಲ. 28ನೇ ವಿಧಿಯಲ್ಲಿ ಸ್ಪಷ್ಟವಾಗಿದೆ: ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆ, ಹೆತ್ತವರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧೆಗಾಗಲಿ ಪೂಜೆಗಾಗಲಿ ಕೂರಿಸುವ ಹಾಗಿಲ್ಲ. ಆದ್ದರಿಂದ ಅಡ್ಮಿಷನ್ ಫಾರಂ ಪೂರ್ತಿ ಓದಿ ಸಹಿ ಹಾಕು. ನೀನು ಓದದೆ ಸಹಿ ಹಾಕುವವನು, ಅದಕ್ಕೇ ಹೇಳಿದ್ದು.

ನಮ್ಮ ಕಾಲದಲ್ಲಿ ಹೇಗಿತ್ತು? ವಾರಕ್ಕೆರಡು ದಿನ ಕೊನೆಯ ಪೀರಿಯಡ್. ಕ್ಯಾಥೊಲಿಕ್ ಮಕ್ಕಳು ದೊತೊರ್ನ್, ಅಂದರೆ ಅವರ ಧರ್ಮಪಾಠ, ಕಲಿಯಲು ಸಿಸ್ಟರ್ ಹಿಂದೆ ಹೋಗುತ್ತಿದ್ದರು. ಉಳಿದ ನಮಗೆಲ್ಲ ನೀತಿಪಾಠ. ನೀತಿಪಾಠ ಮಾಡುವವರು ಕನ್ನಡ ಮಾಸ್ಟ್ರು. ಅವರು ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಹಾಗಾಗಿ ಮೇರಿಮಾತೆಯ ಪಟದ ಕೆಳಗೆ ನಿಂತು ಕರ್ಣನ ಮಾತು ಹೇಳುತ್ತಿದ್ದರು. ಕೃಷ್ಣ ಬಂದು ಹುಟ್ಟಿನ ಗುಟ್ಟು ಬಿಡಿಸುವ ಜಾಗಕ್ಕೆ ಬಂದಾಗ ಬೆಲ್ ಹೊಡೆದರೆ, "ಉಳಿದದ್ದು ಗುರುವಾರ" ಅನ್ನುತ್ತಿದ್ದರು. ದೊತೊರ್ನ್ ಬೇಗ ಮುಗಿದ ದಿನ ಆ ಮಕ್ಕಳು ನಮ್ಮ ಕಿಟಕಿಗೆ ಜೋತುಬಿದ್ದು ಕೇಳುತ್ತಿದ್ದರು. ಒಂದು ದಿನ ಅವರ ಹಿಂದೆ ಸಿಸ್ಟರೂ ನಿಂತಿದ್ದರು. ಮಾಸ್ಟ್ರು ನೋಡಿದರು, ಸ್ವರ ಇನ್ನಷ್ಟು ಏರಿಸಿದರು.

ರಂಜಾನ್ ತಿಂಗಳಲ್ಲಿ ದೊಡ್ಡ ಸಿಸ್ಟರ್ ಲೈಬ್ರರಿಯ ಬೀಗದ ಕೈಯನ್ನು ಉಪವಾಸ ಇರುವ ಮಕ್ಕಳ ಕೈಗೆ ಕೊಡುತ್ತಿದ್ದರು. ಊಟದ ಹೊತ್ತಿನಲ್ಲಿ ಬುತ್ತಿಯ ವಾಸನೆ ಬರುವ ಕಡೆ ಅವರು ಕೂರುವುದು ಬೇಡ ಅಂತ. ಇದಕ್ಕೆ ಭಾಷಣ ಇಲ್ಲ, ಸುತ್ತೋಲೆ ಇಲ್ಲ. ಬೀಗದ ಕೈ ಅಷ್ಟೇ. ನಮ್ಮ ತರಗತಿಯಲ್ಲಿ ಅತಿ ಹೆಚ್ಚು ಪುಸ್ತಕ ಓದಿದವರು ಅವರೇ, ಈಗ ಯೋಚಿಸಿದರೆ ಕಾರಣ ಗೊತ್ತಾಗುತ್ತದೆ.

ಕರಾವಳಿಯ ಈ ಶಾಲೆಗಳ ಕಥೆ ಹಳೆಯದು. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದರು, ಕನ್ನಡದ ಮೊದಲ ಪತ್ರಿಕೆ. ಅವರು ಪ್ರೊಟೆಸ್ಟೆಂಟರು. ಕ್ಯಾಥೊಲಿಕರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಬಂದದ್ದು 1870ರಲ್ಲಿ, ಜೆಸ್ವಿಟ್ ಪಾದ್ರಿಗಳ ಅಲೋಶಿಯಸ್ ಕಾಲೇಜು 1880ರಲ್ಲಿ. ಇದೆಲ್ಲ ಪೇಟೆಯ ಮಾತಾಯಿತು. ಹಳ್ಳಿಯ ಹೆಣ್ಣುಮಕ್ಕಳೂ ಓದಬೇಕು ಅಂತ ಫಾದರ್ ರೇಮಂಡ್ ಮಸ್ಕರೇನ್ಹಸ್ 1921ರಲ್ಲಿ ಬೆಥನಿ ಸಿಸ್ಟರ್‌ಗಳ ಸಂಸ್ಥೆ ಶುರು ಮಾಡಿದರು. ಹೀಗೆ ಕಲಿಸುವ ಸಿಸ್ಟರ್‌ಗಳು ಗದ್ದೆ ಬದಿಯ ಊರುಗಳಿಗೂ ಬಂದರು. ನಮ್ಮ ಶಾಲೆಯ ಮಾಡಿನ ಹಂಚು ನೆನಪಿದೆಯಾ? ಗಾಳಿಗೆ ಬಿದ್ದದ್ದನ್ನು ತಿರುಗಿಸಿದರೆ ಬಾಸೆಲ್ ಮಿಷನ್ ಅಂತ ಅಚ್ಚು. 1865ರಲ್ಲಿ ಅವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದವರಲ್ವಾ. ಕ್ಯಾಥೊಲಿಕರ ಶಾಲೆ, ಪ್ರೊಟೆಸ್ಟೆಂಟರ ಹಂಚು, ಕೆಳಗೆ ಕರ್ಣನ ಕಥೆ. ಸೋರುವಾಗ ಮಾತ್ರ ಎಲ್ಲರ ತಲೆ ಮೇಲೂ ಸೋರುತ್ತಿತ್ತು.

ಇನ್ನು ಶಿಸ್ತು. ನೀನು ಆ ಶಬ್ದ ಹೇಳಿದಾಗ ನನಗೆ ಸ್ವಲ್ಪ ಬೇಸರವಾಯಿತು. ನಾಗರಬೆತ್ತ ಮರೆತೆಯಾ? ತುಳು ಮಾತಾಡಿದವರ ಕೈಗೆ ಕೊಡುತ್ತಿದ್ದ ಮರದ ಬಿಲ್ಲೆ ಮರೆತೆಯಾ? ಬೆಳಗ್ಗೆ ಒಬ್ಬನ ಕೈಗೆ ಬಂದ ಬಿಲ್ಲೆ, ಅವನು ಇನ್ನೊಬ್ಬನ ತುಳು ಕೇಳಿಸಿಕೊಂಡು ಅವನಿಗೆ ದಾಟಿಸಬೇಕು. ಸಂಜೆ ಯಾರ ಹತ್ತಿರ ಉಳಿಯುತ್ತದೋ ಅವರಿಗೆ ಇಪ್ಪತ್ತೈದು ಪೈಸೆ ದಂಡ. ನಾವು ಕನ್ನಡ ಕಲಿತೆವು, ಸರಿ. ಜೊತೆಗೆ ಗೆಳೆಯರ ಬೆನ್ನ ಹಿಂದೆ ಕಿವಿಕೊಟ್ಟು ನಿಲ್ಲುವುದನ್ನೂ ಕಲಿತೆವು. ಒಮ್ಮೆ ನಾನೇ ನಿನಗೆ ದಾಟಿಸಿದೆ, ನಿನ್ನಲ್ಲಿ ಪೈಸೆ ಇಲ್ಲ ಅಂತ ಗೊತ್ತಿದ್ದೂ. ಅದು ಇವತ್ತಿಗೂ ಚುಚ್ಚುತ್ತದೆ. ಮಕ್ಕಳಿಗೆ ಹೊಡೆಯುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಿಷೇಧವಾಯಿತು. ಬೆತ್ತ ಹೋಯಿತು. ಬಿಲ್ಲೆ ಪೂರ್ತಿ ಹೋಗಿಲ್ಲ. ಈಗ ಎಷ್ಟೋ ಇಂಗ್ಲಿಷ್ ಶಾಲೆಗಳಲ್ಲಿ ಅದೇ ದಂಡವನ್ನು ಕನ್ನಡ ಮಾತಾಡಿದವರಿಗೆ ಹಾಕುತ್ತಾರೆ.

ನಿನ್ನನ್ನು ತಿದ್ದಿದ್ದು ಆ ಬೆತ್ತ ಅಲ್ಲ ಮಾರಾಯ. ಶಾಲಾ ಮಂತ್ರಿಮಂಡಲ.

ಏಳನೇ ಕ್ಲಾಸಿನಲ್ಲಿ ನೀನು ನೀರಾವರಿ ಮಂತ್ರಿ. ಮುಖ್ಯಮಂತ್ರಿ ಆಗಲು ನಿಂತು ಸೋತವನಿಗೆ ಸಿಕ್ಕ ಖಾತೆ ಅದು, ನಿನಗೆ ಮನಸ್ಸೇ ಇರಲಿಲ್ಲ. ಬಾವಿಯಿಂದ ನೀರು ಸೇದಿ ತೋಟಕ್ಕೆ ಹಾಕುವ ಕೆಲಸಕ್ಕೆ ಮಂತ್ರಿ ಪದವಿ ಯಾಕೆ ಅಂತ ನೀನು ಸುಮ್ನೆ ಇದ್ದುಬಿಟ್ಟೆ. ಫೆಬ್ರವರಿಗೆ ಬಸಳೆ ಚಪ್ಪರ ಒಣಗಿ ಹಗ್ಗವಾಯಿತು. ಶನಿವಾರದ ಅಧಿವೇಶನದಲ್ಲಿ ವಿರೋಧ ಪಕ್ಷದ ನಾಯಕಿ ಎದ್ದಳು. ಈಗ ಕುವೈತಿನಲ್ಲಿ ನರ್ಸು, ಇದನ್ನು ಓದುತ್ತಿರುತ್ತಾಳೆ. "ಮಾನ್ಯ ನೀರಾವರಿ ಮಂತ್ರಿಗಳೇ, ಬಸಳೆ ಸತ್ತದ್ದು ಯಾಕೆ?" ನೀನು ಎದ್ದುನಿಂತು, "ಮಳೆ ಬರಲಿಲ್ಲ" ಅಂದೆ. ಫೆಬ್ರವರಿಯಲ್ಲಿ! ಇಡೀ ಸಭೆ ನಕ್ಕಿತು. ದೊಡ್ಡ ಸಿಸ್ಟರ್ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. "ಮಂತ್ರಿಗಳಿಗೆ ಒಂದು ವಾರ ಸಮಯ ಇದೆ. ಮುಂದಿನ ಶನಿವಾರ ಉತ್ತರ ಕೊಡುತ್ತಾರೆ" ಅಂದು ಕೂತರು.

ಆ ವಾರ ನೀನು ಯಾರ ಹತ್ತಿರವೂ ಮಾತಾಡಲಿಲ್ಲ. ಗುರುವಾರ ನಿಮ್ಮ ಅಪ್ಪನ ಜೊತೆ ಎರಡು ದಂಬೆ, ಅಂದರೆ ನೀರು ಹರಿಯಲು ಸೀಳಿ ಟೊಳ್ಳು ಮಾಡಿದ ಅಡಿಕೆ ಮರ, ಹೊತ್ತುಕೊಂಡು ಬಂದೆ. ಬುತ್ತಿ ತೊಳೆಯುವ ಕಟ್ಟೆಯಿಂದ ಬಸಳೆಯ ಬುಡದವರೆಗೆ ಇಳಿಜಾರು ನೋಡಿ ಇಟ್ಟೆ. ನಾವು ಮುನ್ನೂರು ಮಕ್ಕಳು ಕೈ ತೊಳೆದ ನೀರೆಲ್ಲ ತಾನಾಗಿಯೇ ಹರಿದು ಹೋಯಿತು. ಶನಿವಾರ ನಿನ್ನ ಉತ್ತರ ಒಂದೇ ಮಾತು: "ಬಂದು ನೋಡಿ." ಏಪ್ರಿಲ್‌ನಲ್ಲಿ ಆ ಬಸಳೆಯ ಪದಾರ್ಥ ಕಾನ್ವೆಂಟಿನ ಅಡುಗೆಮನೆಯಿಂದ ನಿನ್ನ ಮನೆಗೇ ಬಂತಲ್ಲ, ಒಣ ಸಿಗಡಿ ಹಾಕಿ. ಈಗ ನೀನು ದೊಡ್ಡ ದೊಡ್ಡ ಕಟ್ಟಡಗಳಿಗೆ ಪೈಪ್‌ಲೈನ್ ಹಾಕಿಸುವ ಎಂಜಿನಿಯರು. ಡಿಗ್ರಿ ಸುರತ್ಕಲ್ಲಿನದ್ದೇ ಇರಬಹುದು, ನಾನು ಮಾತ್ರ ಆ ದಂಬೆಯ ಲೆಕ್ಕಕ್ಕೇ ಹಾಕುತ್ತೇನೆ.

ಈಗ ನನ್ನ ತಪ್ಪೊಪ್ಪಿಗೆ. ನನ್ನ ಮಗಳೂ ಅದೇ ಕಂಪೌಂಡಿನಲ್ಲಿ ಓದುತ್ತಾಳೆ, ಆದರೆ ಇಂಗ್ಲಿಷ್ ಮೀಡಿಯಂನಲ್ಲಿ. ಹಳೆ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಕನ್ನಡ ಶಾಲೆ ಉಳಿಸಿ ಅಂತ ಮೈಕಿನಲ್ಲಿ ಹೇಳುವವನೂ ನಾನೇ. ಕನ್ನಡದ ಒಂದನೇ ಕ್ಲಾಸಿಗೆ ಈ ವರ್ಷ ಒಂಬತ್ತು ಮಕ್ಕಳು. ಅವರನ್ನು ಸೇರಿಸಲು ಸಿಸ್ಟರ್ ಮೇ ತಿಂಗಳ ಬಿಸಿಲಲ್ಲಿ ಮನೆ ಮನೆ ತಿರುಗಿದ್ದಾರೆ. ಒಂಬತ್ತರಲ್ಲಿ ಆರು ಮಂದಿ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಎರಡು ಶಾಲೆಗೆ ಎರಡು ಬೆಲ್, ಎರಡು ಗೇಟು. ಅನುದಾನಿತ ಅಂತ ಕನ್ನಡದವರಿಗೆ ಸರ್ಕಾರದ ಬಿಸಿಯೂಟ, ಇಂಗ್ಲಿಷಿನವರಿಗೆ ಮನೆಯ ಡಬ್ಬಿ. ಒಂದು ದಿನ ನನ್ನ ಮಗಳು, "ಅಪ್ಪ, ಅವರಿಗೆ ಬಿಸಿ ಸಾಂಬಾರು, ನಮಗೆ ಯಾಕಿಲ್ಲ?" ಅಂದಳು. ಅವರು ಅಂದರೆ ಯಾರು, ಹೆಸರೇನು ಅಂತ ಕೇಳಿದೆ. ಗೊತ್ತಿರಲಿಲ್ಲ. ನಡುವೆ ಇರುವುದು ಒಂದು ಬಾಸ್ಕೆಟ್‌ಬಾಲ್ ಕೋರ್ಟು.

ನಮಗೆ ಆ ಶಾಲೆಯಲ್ಲಿ ಸಿಕ್ಕಿದ್ದು ಹೆಸರು ಗೊತ್ತಿರುವುದು. ಯಾರ ಮನೆಯಲ್ಲಿ ಯಾವ ಹಬ್ಬಕ್ಕೆ ಏನು ಮಾಡುತ್ತಾರೆ, ಯಾರ ಅಪ್ಪ ಕುಡಿಯುತ್ತಾರೆ, ಯಾರಿಗೆ ರಜೆಯಲ್ಲಿ ಊಟ ಕಡಿಮೆ, ಎಲ್ಲ. ಅದು ಹೋದರೆ ಉಳಿಯುವುದು ಯೂನಿಫಾರ್ಮು ಮತ್ತು ಫೀಸಿನ ರಸೀದಿ. ಅದಕ್ಕೆ ಶಿಕ್ಷಕ-ರಕ್ಷಕ ಸಂಘದ ಸಭೆಯಲ್ಲಿ ನಾನೊಂದು ಜಗಳ ತೆಗೆದೆ: ಎರಡೂ ಶಾಲೆಗೆ ಒಂದೇ ಮಂತ್ರಿಮಂಡಲ ಇರಲಿ. ಕೆಲವು ತಂದೆತಾಯಿಗಳು ಮುಖ ಸಿಂಡರಿಸಿದರು. ಹೊಸ ಸಿಸ್ಟರ್ ಚಿಕ್ಕ ಪ್ರಾಯದವರು, "ನೋಡುವ" ಅಂದರು. ಜೂನ್‌ನಲ್ಲಿ ಮಾಡಿಯೇ ಬಿಟ್ಟರು.

ಆದ್ದರಿಂದ ನೀನು ಆ ಬೆಂಗಳೂರಿನ ಶಾಲೆಗೆ ಹೋದಾಗ ಸ್ವಿಮ್ಮಿಂಗ್ ಪೂಲ್ ನೋಡಬೇಡ. ಊಟದ ಹೊತ್ತಿಗೆ ಹೋಗು. ಯಾರು ಯಾರ ಪಕ್ಕ ಕೂತಿದ್ದಾರೆ ನೋಡು. ಮಕ್ಕಳು ತಾವೇ ಮಾಡುವ ಕೆಲಸ ಒಂದಾದರೂ ಇದೆಯಾ, ಅದು ಕೆಟ್ಟರೆ ಯಾರು ಉತ್ತರ ಕೊಡುತ್ತಾರೆ ಅಂತ ಕೇಳು. ಆಯಾ ಕೆಲಸದವಳ ಮಗು ಅದೇ ಶಾಲೆಯಲ್ಲಿ ಓದುತ್ತದಾ ಅಂತಲೂ ಕೇಳು. ಶಿಲುಬೆ ಗೋಡೆ ಮೇಲೆ ಇರುತ್ತದೆ, ಇರಲಿ. ನಿನ್ನ ಮಗಳು ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಗೋದಲಿಗೆ ಹುಲ್ಲು ಹೊದಿಸಿ, ಹಬ್ಬದ ಕುಸ್ವಾರ್ ತಿಂಡಿ ತಿಂದು, ಮನೆಗೆ ಬಂದು ದೀಪ ಹಚ್ಚುತ್ತಾಳೆ. ನಾವು ಮಾಡಲಿಲ್ವಾ?

ದೊಡ್ಡ ಸಿಸ್ಟರ್‌ಗೆ ಈಗ ಎಂಬತ್ತು ದಾಟಿದೆ, ನಿವೃತ್ತರ ಕಾನ್ವೆಂಟಿನಲ್ಲಿದ್ದಾರೆ. ಮೊಂತಿ ಹಬ್ಬದ ಮರುದಿನ ನೋಡಿ ಬಂದೆ. ನನ್ನ ಗುರುತು ಸಿಗಲು ಹೊತ್ತು ಬೇಕಾಯಿತು. ನಿನ್ನ ಹೆಸರು ಹೇಳಿದ ಕೂಡಲೇ "ದಂಬೆ!" ಅಂದರು.

ಕೊನೆಗೊಂದು ಕೆಲಸ. ಈಗಿನ ನೀರಾವರಿ ಮಂತ್ರಿ ಕನ್ನಡ ಮೀಡಿಯಂನ ಏಳನೇ ಕ್ಲಾಸಿನ ಹುಡುಗಿ, ಕೊಪ್ಪಳದ ಕಡೆಯವಳು, ಜೋರು. ನನ್ನ ಮಗಳು ಅವಳ ಕೈಕೆಳಗಿನ ಉಪಮಂತ್ರಿ. ನಿನ್ನ ದಂಬೆ ಇದ್ದ ಜಾಗದಲ್ಲಿ ಈಗ ಪಿವಿಸಿ ಪೈಪು. ನಾವು ಬರೀ ನೀರಲ್ಲಿ ಕೈ ತೊಳೆಯುತ್ತಿದ್ದೆವು, ಈಗಿನವರು ಸೋಪು ಹಾಕುತ್ತಾರೆ. ಆ ನೀರು ಬಿದ್ದು ಬಸಳೆ ಎಲೆ ಹಳದಿಯಾಗುತ್ತಿದೆ. ಏನು ಮಾಡಬೇಕು ಅಂತ ಅವಳು ಕೇಳಿದಳು. ಹಳೆಯ ಮಂತ್ರಿಯನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಶನಿವಾರ ಅಧಿವೇಶನ ಉಂಟು, ಅಷ್ಟರೊಳಗೆ ಬರೆ.

ನಿನ್ನ,
ಬಿಲ್ಲೆ ದಾಟಿಸಿದವನು