ಇಂಗ್ಲಿಷಿನಲ್ಲಿ ಕೇಳುವ ರೀತಿ: ಪೋಷಕರಿಗೊಂದು ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಹುತ್ತರಿ ರಜೆ ಮುಗಿದ ಮೇಲೆ ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ವಾರಕ್ಕೆರಡು ದಿನ, ಕೊನೆಯ ಪೀರಿಯಡ್‌ನಲ್ಲಿ, ಇಂಗ್ಲಿಷ್ ಮಾತಿನ ಅಭ್ಯಾಸ ಮಾಡಿಸಲಿದ್ದೇವೆ. ವ್ಯಾಕರಣವಲ್ಲ, ಸ್ಪೆಲ್ಲಿಂಗೂ ಅಲ್ಲ. ಗುರುತಿಲ್ಲದವರನ್ನು ಏನಾದರೂ ಕೇಳಬೇಕಾದಾಗ ಮರ್ಯಾದೆಯಿಂದ ಹೇಗೆ ಕೇಳುವುದು, ಅಷ್ಟೇ.

ನಿಮ್ಮಲ್ಲಿ ಹಲವರ ಮನೆಯಲ್ಲಿ ಹೋಂಸ್ಟೇ ಇದೆ. ಕೆಲವರು ಪ್ರವಾಸಿಗರಿಗೆ ಜೀಪ್ ಓಡಿಸುತ್ತೀರಿ, ಕೆಲವರದು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಅಂಗಡಿ. ಡಿಸೆಂಬರ್ ಬಂತೆಂದರೆ ಗೇಟು ತೆರೆಯುವವರು, ಕಾಫಿ ತಂದುಕೊಡುವವರು, ದಾರಿ ತೋರಿಸುವವರು ಈ ಮಕ್ಕಳೇ. ಬಂದವರನ್ನು ಖುಷಿಯಿಂದಲೇ ಮಾತಾಡಿಸುತ್ತಾರೆ. ಆದರೆ ಬಾಯಿಗೆ ಬರುವುದು 'ವೈ ಯೂ ಕೇಮ್ ಹಿಯರ್?', 'ವಾಟ್ ಯೂ ವಾಂಟ್?' ಎಂದು. ಮಗು ಕೇಳಿದ್ದು ಅಕ್ಕರೆಯಿಂದ, ಕೇಳಿಸಿಕೊಂಡವರಿಗೆ ಪೊಲೀಸ್ ವಿಚಾರಣೆ. 'ಆರ್ ಯೂ ಹಿಯರ್ ಆನ್ ಹಾಲಿಡೇ?' ಎಂದಿದ್ದರೆ ಮುಗಿದಿತ್ತು.

ಇದು ಮಕ್ಕಳ ಒರಟುತನವಲ್ಲ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲೇ ಇರುತ್ತದೆ: ಬಾ, ಬನ್ನಿ, ಕೊಡು, ಕೊಡಿ. ಇಂಗ್ಲಿಷಿನಲ್ಲಿ ಡಿ.ಸಿ. ಸಾಹೇಬರಿಗೂ ಬೆಕ್ಕಿನ ಮರಿಗೂ ಒಂದೇ 'ಯೂ', ಒಂದೇ 'ಕಮ್'. ನಮ್ಮ ಮಕ್ಕಳು ಮನಸ್ಸಿನಲ್ಲಿ 'ಕೂತ್ಕೊಳ್ಳಿ' ಅಂದುಕೊಂಡು ಬಾಯಲ್ಲಿ 'ಸಿಟ್' ಅನ್ನುತ್ತಾರೆ. ಆ 'ಳ್ಳಿ' ನಡುದಾರಿಯಲ್ಲಿ ಉದುರಿಹೋಗಿರುತ್ತದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್. ಇಷ್ಟು ಭಾಷೆಗಳ ನಡುವೆ ಓಡಾಡುವ ಮಕ್ಕಳನ್ನು ಬೈಯುವ ಮನಸ್ಸು ನನಗಂತೂ ಇಲ್ಲ.

'ಪ್ಲೀಸ್' ಸೇರಿಸಿದರೆ ಆಯಿತಲ್ಲ ಎಂದು ಪೋಷಕರ ಸಭೆಯಲ್ಲಿ ಒಬ್ಬರು ಕೇಳಿದ್ದರು. ಸಾಲದು. 'ಪ್ಲೀಸ್ ಗಿವ್ ಯುವರ್ ಫೋನ್ ನಂಬರ್' ಎಂಬುದೂ ಅಪ್ಪಣೆಯೇ. 'ಕುಡ್ ಐ ಹ್ಯಾವ್ ಯುವರ್ ಫೋನ್ ನಂಬರ್, ಪ್ಲೀಸ್?' ಎಂದರೆ ಕೊಡುವುದೂ ಬಿಡುವುದೂ ಅವರ ಇಷ್ಟಕ್ಕೆ ಬಿಟ್ಟಂತಾಗುತ್ತದೆ.

ಈ 'ಕುಡ್' ಇದೆಯಲ್ಲ, ಅದು ನಿಜಕ್ಕೂ 'ಕ್ಯಾನ್'ನ ಭೂತಕಾಲ. ಈಗ ಕೇಳುವುದಕ್ಕೆ ಹಿಂದಿನ ಕಾಲ ಯಾಕೆ ಎಂದು ಮಕ್ಕಳು ತಕರಾರು ತೆಗೆಯುತ್ತಾರೆ. ನಾವು ಮಾಡುವುದೂ ಅದನ್ನೇ. ಪಕ್ಕದ ಮನೆಗೆ ಹೋಗಿ 'ಒಂದು ಏಣಿ ಬೇಕಿತ್ತು' ಅನ್ನುತ್ತೇವೆ. ಏಣಿ ಬೇಕಿರುವುದು ಈಗ. ಎದುರಿಗೇ ನಿಂತುಕೊಂಡು 'ಒಂದು ಮಾತು ಕೇಳೋಣ ಅಂತ ಬಂದಿದ್ದೆ' ಅನ್ನುತ್ತೇವೆ. 'ಬೇಕು' ಎಂದರೆ ಒತ್ತಾಯ, 'ಬೇಕಿತ್ತು' ಎಂದರೆ ಸಂಕೋಚ. 'ಐ ವಾಸ್ ವಂಡರಿಂಗ್ ಇಫ್ ಯೂ ಕುಡ್ ಹೆಲ್ಪ್ ಮಿ' ಎಂಬುದರಲ್ಲಿರುವುದೂ ಇದೇ ಸಂಕೋಚ. ಇಷ್ಟು ತಿಳಿಸಿದ ಮೇಲೆ ಎಂಟನೇ ತರಗತಿಯವರು ಉರು ಹೊಡೆಯುವುದನ್ನು ಬಿಟ್ಟು ತಾವೇ ವಾಕ್ಯ ಕಟ್ಟತೊಡಗಿದರು.

ಎಡವುವ ಜಾಗಗಳೂ ಇವೆ. ಏಳನೇ ತರಗತಿಯಲ್ಲಿ ಒಂದು ಆಟ ಆಡಿಸಿದೆವು. ಬೆಂಚೇ ಕಾರು. ಅದು ತೋಟದ ಗೇಟಿಗೆ ಅಡ್ಡ ನಿಂತಿದೆ, ಕಾಫಿ ಮೂಟೆ ತುಂಬಿದ ಪಿಕಪ್ ಒಳಗಿಂದ ಬರಬೇಕು. ಹುಡುಗಿ ಅಚ್ಚುಕಟ್ಟಾಗಿ 'ವುಡ್ ಯೂ ಮೈಂಡ್ ಮೂವಿಂಗ್ ಯುವರ್ ಕಾರ್?' ಎಂದು ಕೇಳಿದಳು. 'ಡ್ರೈವರ್' ದೊಡ್ಡದಾಗಿ ತಲೆಯಾಡಿಸಿ 'ಯೆಸ್, ಯೆಸ್' ಎಂದ, ಬೆಂಚನ್ನೂ ಎಳೆಯತೊಡಗಿದ. 'ನಿಮಗೇನಾದರೂ ಬೇಸರವೇ?' ಎಂದು ಕೇಳಿದರೆ 'ಹೌದು, ಹೌದು' ಎಂದ ಹಾಗಾಯಿತು. ಅಲ್ಲಿ ಒಪ್ಪಿಗೆಗೆ ಹೇಳಬೇಕಾದ್ದು 'ನೋ, ನಾಟ್ ಅಟ್ ಆಲ್'. ತರಗತಿಯಿಡೀ ನಕ್ಕಿತು, ಆ ಹುಡುಗನೂ ನಕ್ಕ.

ಇನ್ನೊಂದು ಪದಗಳ ಜಾಗ. 'ವೇರ್ ಈಸ್ ದ ಬಸ್ ಸ್ಟ್ಯಾಂಡ್?' ಸರಿ. ಮುಂದೆ 'ಕುಡ್ ಯೂ ಟೆಲ್ ಮಿ' ಸೇರಿಸಿದರೆ 'ಈಸ್' ಕೊನೆಗೆ ಹೋಗಬೇಕು: 'ಕುಡ್ ಯೂ ಟೆಲ್ ಮಿ ವೇರ್ ದ ಬಸ್ ಸ್ಟ್ಯಾಂಡ್ ಈಸ್?' ಇದು ತಪ್ಪಿದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ನಾವು ಅಂಕವನ್ನೂ ಕಳೆಯುವುದಿಲ್ಲ. ಆದರೆ 'ಡೋಂಟ್ ಯೂ ಹ್ಯಾವ್ ಚೇಂಜ್?' ಎಂಬುದನ್ನು ಮಾತ್ರ ಬಿಡಿಸುತ್ತೇವೆ. ನಾವು 'ಚಿಲ್ಲರೆ ಇಲ್ವಾ?' ಎಂದು ಸಲೀಸಾಗಿ ಕೇಳಬಹುದು. ಇಂಗ್ಲಿಷಿನಲ್ಲಿ ಅದು ಚಿಲ್ಲರೆ ಕೂಡ ಇಟ್ಟುಕೊಂಡಿಲ್ಲವೇ ಎಂದು ಗದರಿದಂತೆ ಕೇಳಿಸೀತು.

ಹಾಗೆಂದು ಅತಿಯೂ ಬೇಡ. ಗೆಳೆಯನ ಹತ್ತಿರ ರಬ್ಬರ್ ಕೇಳಲು 'ಐ ವಾಸ್ ವಂಡರಿಂಗ್' ಎಂದು ಶುರುಮಾಡಿದರೆ ಅವನು ವ್ಯಂಗ್ಯ ಅಂದುಕೊಳ್ಳುತ್ತಾನೆ. ಅಲ್ಲಿಗೆ 'ಕ್ಯಾನ್ ಐ ಬಾರೋ ಯುವರ್ ರಬ್ಬರ್?' ಧಾರಾಳವಾಯಿತು.

ಕೆಲವು ಪ್ರಶ್ನೆಗಳನ್ನು ಯಾವ 'ಕುಡ್'ನಿಂದಲೂ ಮೆದುಮಾಡಲಾಗದು. ನಮ್ಮಲ್ಲಿ ಪರಿಚಯವಾಗುತ್ತಿದ್ದಂತೆ 'ನಿಮ್ಮದು ಯಾವ ಮನೆ?' ಎಂದು ಕೇಳುವುದು ಆತ್ಮೀಯತೆ. ಅದೇ ಸಲುಗೆಯಲ್ಲಿ ಅತಿಥಿಗಳ ಸಂಬಳ, ವಯಸ್ಸು, ಮದುವೆ, ಜಾತಿ ಕೇಳುವುದು ಬೇಡ. ಇದನ್ನು ಮಕ್ಕಳಿಗೆ ಹೇಳಬೇಕಾದವರು ಶಾಲೆಯವರಿಗಿಂತ ಮೊದಲು ಮನೆಯವರು, ಯಾಕೆಂದರೆ ಮಕ್ಕಳು ಕಲಿಯುವುದು ದೊಡ್ಡವರನ್ನು ನೋಡಿ.

ಮನೆಯಲ್ಲಿ ನೀವು ಇಂಗ್ಲಿಷ್ ಕಲಿಸಬೇಕಾಗಿಲ್ಲ. ನಮ್ಮಲ್ಲಿ ಬಹಳಷ್ಟು ಜನ ಐದನೇ ತರಗತಿಯಲ್ಲಿ ಎಬಿಸಿಡಿ ಕಲಿತವರು, ಆ ಅಳುಕು ನನಗೂ ಗೊತ್ತು. ಮಗು ಅತಿಥಿಗಳ ಜೊತೆ ಮಾತಾಡುವಾಗ ನಡುವೆ ತಡೆದು ತಿದ್ದಬೇಡಿ, ಅವರೆದುರು ನಗಬೇಡಿ. ಅವರು ಹೋದ ಮೇಲೆ 'ಏನು ಕೇಳಿದೆ? ಅವರೇನಂದರು?' ಎಂದು ನಿಮ್ಮ ಮನೆಮಾತಿನಲ್ಲೇ ವಿಚಾರಿಸಿ.

ಹೋಂಸ್ಟೇ, ಅಂಗಡಿ, ಜೀಪ್ ಇರುವವರು ಅತಿಥಿಗಳನ್ನು ನೀವು ದಿನವೂ ಕೇಳಬೇಕಾಗುವ ಐದಾರು ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದು ಮಗುವಿನ ಕೈಯಲ್ಲಿ ಕಳಿಸಿಕೊಡಿ. ಅಭ್ಯಾಸಕ್ಕೆ ಅವನ್ನೇ ಬಳಸುತ್ತೇವೆ. ಮಾತಾಡಬೇಕಿದ್ದರೆ ಶನಿವಾರ ತರಗತಿ ಬಿಟ್ಟ ಮೇಲೆ ಬನ್ನಿ. ಕಾಫಿ ಕೊಯ್ಲಿಗೆ ಹೋಗುವವರು ಕೂಲಿ ಬಿಟ್ಟು ಬರಬೇಕಾಗಿಲ್ಲ, ಸಂಜೆ ಐದೂವರೆವರೆಗೂ ಆಫೀಸಿನಲ್ಲಿರುತ್ತೇನೆ.

ಇತಿ,
ಮುಖ್ಯ ಶಿಕ್ಷಕಿ